ಸದ್ಯ ಏನ ಓದಾಕತ್ತೀರಿ? ನಿಮ್ಮ ಅನುಭವ ಹೇಳ್ರಿ

ಬಾಗಲಕೋಟೆ, ನವನಗರ (ಕೇಳಿದವರು): ಕಾದಂಬರಿ ಓದಿ ಓದಿ ಬ್ಯಾಸರಾಗೈತಿ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಹುಟ್ಟಿದ ಹಳೇ ಪುಸ್ತಕ ಯಾರರ ಈಗ ಖುಷಿಯಿಂದ ಓದಾಕತ್ತಿದ್ರ ತಿಳಸ್ರಿ. ರಾತ್ರಿ ಅರ್ಧ ತಾಸ ಅಷ್ಟ ಸಿಗತೈತಿ. ಹಳಗನ್ನಡ ಕಾಲೇಜಿಗೇ ಬಿಟ್ಟದ್ದು.

ಮುಧೋಳ: ರನ್ನನ ಗದಾಯುದ್ಧ. ಹತ್ತೂ ಆಶ್ವಾಸ, ಅಂದ್ರ ಅಧ್ಯಾಯ. ತೀ.ನಂ.ಶ್ರೀ. ಅವರು ಅದನ್ನ ಸಣ್ಣದು ಮಾಡಿದ ಸಂಗ್ರಹ ಮುಗಿಸಿ ‘ರನ್ನನ್ನ ಓದೇನಿ’ ಅನ್ನೋರು ಭಾಳ ಮಂದಿ ಅದಾರ, ಇರಲಿ. ಆದ್ರ ಸಿಂಹಾವಲೋಕನ, ಅಂದ್ರ ಕಡೀ ದಿನದ ಕಾಳಗದಾಗ ನಿಂತು ಹಿಂದಿನ ಭಾರತ ಪೂರ್ತಿ ಹೊಳ್ಳಿ ನೋಡೋದು, ಕತ್ತರಿಸಿದ ಪುಸ್ತಕದಾಗ ದಕ್ಕೂದಿಲ್ಲ. ಪೆನ್ಸಿಲ್ ಇಲ್ದ ಕೂಡಬ್ಯಾಡ್ರಿ. ಅಚ್ಚಿನಾಗ ಸಂಧಿ ಕೂಡಿಸಿ ಒಂದ ಉಸರಿಗೆ ಹಾಕಿರತಾರ. ಮಂ, ಒಳ್, ಇಂ ಅಂತ ಮುಗದಲ್ಲೆಲ್ಲಾ ಗೀಟ ಹಾಕ್ರಿ. ಪಕಾರದ ಜಾಗಾಕ್ಕ ಹಕಾರ ಇಟ್ಟು ನೋಡ್ರಿ, ಪಗೆ ಹೋಗಿ ಹಗೆ ಆಗತೈತಿ, ನಿಘಂಟಿನ ಅರ್ಧ ಕೆಲಸ ತಪ್ಪತೈತಿ. ಕಂದ, ಅಂದ್ರ ನಾಕು ಸಾಲಿನ ಪದ್ಯ, ಬಂದ್ರ ನಾಕ್ ನಾಕ್ ಮಾತ್ರೆ ಎಣಸ್ರಿ: ಒಂದು, ಮೂರನೇ ಸಾಲಿಗೆ ಮೂರು ಗಣ; ಎರಡು, ನಾಲ್ಕಕ್ಕ ಐದು; ಒಟ್ಟು 64. ಲೆಕ್ಕ ಹತ್ತಲಿಲ್ಲಂದ್ರ ಒತ್ತಕ್ಷರದ ಹಿಂದಿನ ಗುರು ಬಿಟ್ಟೀರಿ, ಇಲ್ಲಾ ಅಚ್ಚಿನ ತಪ್ಪು. ದುರ್ಯೋಧನ ಸಂಜಯನ ಕೂಡ ಹೆಣ ದಾಟಕೋತ ಹೋಗೋ ಭಾಗ ಜಗ್ಗತೈತಿ ಅಂತ ಮಂದಿ ಅಲ್ಲೇ ಕೈಬಿಡತಾರ. ವೈರಿ ಮಗ ಅಭಿಮನ್ಯುವಿನ ಹೆಣದ ಮುಂದ ನಿಂತು, ಇಂಥಾ ಸಾವಿನಾಗ ಒಂದು ಪಾಲು ನನಗೂ ಸಿಗಲಿ ಅಂತ ಬೇಡೋದು ಅಲ್ಲೇ ಬರತೈತಿ. ಬಿಟ್ಟವರಿಗೇ ಲುಕ್ಸಾನ.

ಗೋಕಾಕ: ಸಂಗ್ರಹ ಓದಿದವರು ಕೀಳ ಅಲ್ರೀ. ಪೂರ್ತಿ ಪುಸ್ತಕ ಕಪಾಟಿನಾಗ ಇಟ್ಟು ಧೂಳ ಹೊಡಿಯೋದಕಿಂತ ಅದು ಭೇಷ್. ನಂದು ಈಗ ಕುಮಾರವ್ಯಾಸನ ಗದುಗಿನ ಭಾರತ, ಉದ್ಯೋಗಪರ್ವ. ಅದರ ಆರು ಸಾಲಿನ ಭಾಮಿನಿ ಷಟ್ಪದಿಗೆ ಲಯ ಹಿಡದ್ರ ಮುಗೀತು: ಒಂದು, ಎರಡು, ನಾಲ್ಕು, ಐದನೇ ಸಾಲು 3-4-3-4 ಮಾತ್ರೆ, ಮೂರು ಮತ್ತ ಆರನೇ ಸಾಲು 3-4-3-4-3-4, ತುದಿಗೊಂದು ಗುರು. ಆ ಗುರುವಿನ ಮ್ಯಾಲ ಉಸರ ತಗೋಬೇಕು. ಮಧ್ಯ ತಗೊಂಡ್ರ ಅರ್ಥ ತುಂಡಾಗತೈತಿ.

ಮುಧೋಳ: ಕೇಳಿದ್ದು ಮೂರು ಜಿಲ್ಲಾದ್ದು. ಗದಗ ಯಾವಾಗ ಬಂತು ಇದರಾಗ?

ಗೋಕಾಕ: ನಕಾಶೆ ಹಿಡದು ಪುಸ್ತಕ ಓದೋರು ನೀವಾ ಅದೀರಿ.

ಇಂಡಿ: ಇಬ್ಬರೂ ಪಂಡಿತರು ಸುಮ್ನಾಗ್ರಿ. ಹಲಸಂಗಿ ಗೆಳೆಯರು ಕೂಡಿಸಿದ ಜನಪದ ಹಾಡಿನ ಪುಸ್ತಕ ‘ಗರತಿಯ ಹಾಡು’ 1931ರಾಗ ಬಂತು. ಸದ್ಯ ಕೈಯಾಗ ಅದಾ ಐತಿ. ಕಣ್ಣಿಲೆ ಓದಿದ್ರ ಏನೂ ಸಿಗೂದಿಲ್ಲ. ತ್ರಿಪದಿಗೆ ಹನ್ನೊಂದು ಗಣ, ನಾಕು, ನಾಕು, ಮೂರು. ಆರನೇದು ಹತ್ತನೇದು ಬ್ರಹ್ಮಗಣ (ಎರಡು ಅಂಶದ್ದು), ಉಳಿದದ್ದು ವಿಷ್ಣುಗಣ (ಮೂರು ಅಂಶದ್ದು). ಹಾಡುವಾಗ ಎರಡನೇ ಸಾಲು ಮರಳಿ ಬಂದು ಮೂರು ಸಾಲು ನಾಕಾಗತಾವ. ಬೀಸೋ ಕಲ್ಲಿನ ಸುತ್ತಿಗೆ ಸಾಲ ಕೂಡಬೇಕು, ಅದಕ್ಕ ಮೆಲ್ಲಕ ಹೇಳ್ರಿ. ಒಂದ ಬೈಠಕ್ಕಿಗೆ ಒಂದ ಗುಂಪು ಸಾಕು, ತವರಿನ ಹಾಡು ತಗೊಂಡ್ರ ತವರಿನವು ಅಷ್ಟ. ಎಲ್ಲಾ ಕಲಸಿದ್ರ ಎಲ್ಲಾ ಒಂದ ಧಾಟಿ ಅನಸಾಕ ಹತ್ತತೈತಿ.

ವಿಜಯಪುರ: ವಚನಗಳನ್ನು ಕೂಡಿಸಿ ಅಚ್ಚು ಹಾಕಿದ ಫ.ಗು. ಹಳಕಟ್ಟಿಯವರ ಊರಿನ ಮಾತಿಗೆ ವಚನವೇ ಬರಲಿಲ್ಲವಲ್ಲ! ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರದು, ಅಚ್ಚಾದದ್ದು ಬೆಳಗಾವಿಯಲ್ಲಿ. ಮುಂದೆ 1925ರಲ್ಲಿ ಅವರೇ ಹಿತಚಿಂತಕ ಮುದ್ರಣಾಲಯ ಹಾಕಿದರು. ನಾನೀಗ ಓದುತ್ತಿರುವುದು ಸರ್ಕಾರದ ಸಮಗ್ರ ವಚನ ಸಂಪುಟ. ಹದಿನೈದನ್ನೂ ಒಟ್ಟಿಗೆ ಹೊತ್ತು ತರುವ ಗೋಜು ಬೇಡ. ಮೊದಲನೆಯದು ಬಸವಣ್ಣ, ಎರಡನೆಯದು ಅಲ್ಲಮ, ಐದನೆಯದು ಶಿವಶರಣೆಯರು; ಐದರಿಂದ ಶುರುಮಾಡಿ. ಅಲ್ಲಮನಿಂದ ಶುರು ಮಾಡಿದವರು ಒಗಟಿನಂಥ ಬೆಡಗಿನ ವಚನಕ್ಕೆ ಬಂದು ಸಿಕ್ಕಿಬೀಳುತ್ತಾರೆ. ಅಂಕಿತ, ಅಂದರೆ ವಚನದಲ್ಲಿ ಕರ್ತೃವಿನ ಗುರುತಾಗಿ ಬರುವ ದೇವರ ಹೆಸರು, ನೋಡದೆ ಮುಂದೆ ಹೋಗಬೇಡಿ: ಕೂಡಲಸಂಗಮದೇವ ಬಸವಣ್ಣನದು, ಕೂಡಲಚೆನ್ನಸಂಗಮದೇವ ಚೆನ್ನಬಸವಣ್ಣನದು. ನಡುವಿನ ‘ಚೆನ್ನ’ ಕಣ್ತಪ್ಪಿದರೆ ಕರ್ತೃವೇ ಬದಲು. ಅಂಕಿತ ತಿದ್ದಿ ಅಚ್ಚು ಹಾಕಿದ ಒಂದು ಸಂಕಲನವನ್ನು ಸರ್ಕಾರ 1998ರಲ್ಲಿ ಮುಟ್ಟುಗೋಲು ಹಾಕಿತು, 2017ರಲ್ಲಿ ಸುಪ್ರೀಂ ಕೋರ್ಟ್ ಆ ಮುಟ್ಟುಗೋಲನ್ನೇ ಎತ್ತಿಹಿಡಿಯಿತು. ಹಳೇ ಪುಸ್ತಕದ ಅಂಗಡಿಯಲ್ಲಿ ಕೊಳ್ಳುವವರು ಹಾಳೆ ತಿರುವಿಯೇ ದುಡ್ಡು ಕೊಡಿ.

ಬೆಳಗಾವಿ, ಟಿಳಕವಾಡಿ: ದುಡ್ಡ ಯಾಕ ಕೊಡಬೇಕು? ಎಲ್ಲಾ ಪಿಡಿಎಫ್ ಸಿಗತಾವ. ಆರು ಇಂಚಿನ ಮೊಬೈಲಿನಾಗ ಅಡಿಟಿಪ್ಪಣಿ ಕಾಣೂದಿಲ್ಲ, ಹತ್ತು ಇಂಚಿನ ಟ್ಯಾಬ್ ಬೇಕು. ಇಳಿಸಿಕೊಂಡ ಕೂಡಲೇ ಪರಿವಿಡಿಯ ಕಡೀ ಪುಟಸಂಖ್ಯೆ ಫೈಲಿನಾಗ ಐತೋ ಇಲ್ಲೋ ನೋಡ್ರಿ. ಸ್ಕ್ಯಾನಿನಾಗ ನಡುವ ಹಾಳೆ ಹಾರಿರತಾವ, ಅಂಚು ಕತ್ತರಿಸಿರತೈತಿ. ಪದ ಹುಡುಕೋ ಸವಲತ್ತಿನ ಮ್ಯಾಲ ನಂಬಿಕಿ ಇಡಬ್ಯಾಡ್ರಿ, ಹಳಗನ್ನಡದ ಅಕ್ಷರ ೞ ಮತ್ತ ಱ ಬಂದಲ್ಲಿ ಅದು ಏನೇನೋ ಓದತೈತಿ. ನಾನೂರು ಪುಟದ್ದು ಎ4 ಮ್ಯಾಲ ಎರಡೆರಡು ಪುಟ, ಎರಡೂ ಮಗ್ಗಲು ತಗಸಿದ್ರ ನೂರ ಹಾಳಿ.

ವಿಜಯಪುರ: ಕಳ್ಳತನಕ್ಕೂ ಲೆಕ್ಕ ಹೇಳಿಕೊಟ್ಟಿರಿ. ಕರ್ತೃ ತೀರಿದ ಮರುವರ್ಷದಿಂದ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಹಳಕಟ್ಟಿಯವರು ತೀರಿದ್ದು 1964, ಅವರ ಬರಹ 2025ರಿಂದ ಮುಕ್ತ. ತೀ.ನಂ.ಶ್ರೀ. 1966, 2026 ಮುಗಿಯಬೇಕು. ಬೇಂದ್ರೆ 1981, 2041ರ ಕೊನೆಯವರೆಗೆ ಹಂಚುವಂತಿಲ್ಲ. ರನ್ನನ ಪದ್ಯಕ್ಕೆ ಹಕ್ಕಿಲ್ಲ, ಸಂಪಾದಕರ ಟಿಪ್ಪಣಿಗೆ ಇದೆ.

ಟಿಳಕವಾಡಿ: ಅಂಗಡ್ಯಾಗ ಸಿಗದ ಪುಸ್ತಕಕ್ಕ ಕಾಯ್ದೆ ಹೇಳಕೋತ ಕುಂದ್ರಿ, ಅಷ್ಟರಾಗ ಗೆದ್ದಲಾ ಓದಿ ಮುಗಸತಾವ.

ಜಮಖಂಡಿ: ಎ4 ನೂರ ಹಾಳಿ ಸ್ಪೈರಲ್ ಹಾಕಿಸಿದ್ರ ತೂತಿನ ಕಡೆ ಅಕ್ಷರ ಹೋಗತಾವ, ಎಡಕ್ಕ ಎರಡು ಸೆಂಟಿಮೀಟರ್ ಬಿಡಬೇಕು. ಹೊಲಿಯೋದಿದ್ರ ಬುಕ್‌ಲೆಟ್ ಲೆಕ್ಕದಾಗ ಪ್ರಿಂಟ್ ತಗದು ನಾಕು ಹಾಳಿ ಮಡಚ್ರಿ, ಹದಿನಾರು ಪುಟದ ಒಂದು ಫಾರಂ. ಕಾಗದದ ಎಳಿ, ಅಂದ್ರ ನಾರಿನ ದಿಕ್ಕು, ಬೆನ್ನಿನ ಉದ್ದಕ್ಕ ಇರಬೇಕು. ಅಡ್ಡ ಬಂದ್ರ ಖಳಿ (ಹಿಟ್ಟಿನ ಅಂಟು) ಹಚ್ಚಿದ ಕೂಡಲೇ ಹಾಳಿ ನೆರಗಿ ಬೀಳತೈತಿ. ಬರೇ ಗೋಂದಿನ ಬೆನ್ನು ವಿಜಯಪುರದ ಬ್ಯಾಸಗಿಗೆ ಒಣಗಿ ಸೀಳತೈತಿ, ದಾರಾನ ಬೇಕು. ಮೈದಾ ಖಳಿಗೆ ಚಿಟಿಕಿ ಮೈಲುತುತ್ತ ಕಲಸ್ರಿ, ಹುಳ ಬರೂದಿಲ್ಲ. ವಿಷ ಅದು, ಹುಡುಗೂರ ಕೈಗೆ ಸಿಗಬಾರದು.

ಮುಧೋಳ: ಬೇವಿನ ಎಲಿ ಇಟ್ರ ಸಾಕಲ್ರೀ, ಮೈಲುತುತ್ತ ಯಾಕ?

ಜಮಖಂಡಿ: ಹಸೀ ಎಲಿ ಇಟ್ರ ಹಾಳಿಗೆ ಬೂಸಲು ಹಿಡೀತೈತಿ. ನೆರಳಾಗ ಪೂರ್ತಿ ಒಣಗಿಸಿ ಕಪಾಟಿನ ಮೂಲ್ಯಾಗ ಇಡ್ರಿ, ಪುಸ್ತಕದ ಒಳಗ ಅಲ್ಲ. ಹರದ ಹಾಳಿಗೆ ಸೆಲ್ಲೋಟೇಪಂತೂ ಹಚ್ಚಲೇಬ್ಯಾಡ್ರಿ, ಹಳದಿ ಆಗಿ ಅಕ್ಷರಾನೂ ಕಿತ್ತಕೊಂಡು ಬರತೈತಿ.