ಸಹಾಯ ಬೇಕು: ಅಮೆರಿಕದ ಕ್ಯಾನ್ಯನ್ ಬಸ್ ಟೂರ್, ಅಮ್ಮನಿಗೆ ಮೊಣಕಾಲು ನೋವು

ಎಲ್ಲರಿಗೂ ನಮಸ್ಕಾರ. ನಾವು ಡೊಂಬಿವ್ಲಿಯವರು. ಸೆಪ್ಟೆಂಬರ್‌ನಲ್ಲಿ ಅಪ್ಪ-ಅಮ್ಮನನ್ನು ಲಾಸ್ ವೇಗಸ್‌ನಿಂದ ಹೊರಡುವ ಗೈಡ್ ಸಮೇತ ಬಸ್ ಟೂರ್‌ಗೆ ಕರೆದುಕೊಂಡು ಹೋಗಬೇಕು ಅಂತಿದ್ದೀನಿ. ಜಯಾನ್, ಬ್ರೈಸ್, ಆಂಟೆಲೋಪ್, ಮಾನ್ಯುಮೆಂಟ್ ವ್ಯಾಲಿ, ಗ್ರ್ಯಾಂಡ್ ಕ್ಯಾನ್ಯನ್ ಎಲ್ಲ ಇದೆ.

ನನ್ನ ಚಿಂತೆಯೆಲ್ಲ ಆಂಟೆಲೋಪ್ ಅನ್ನೋ ಕಿರಿದಾದ ಕಲ್ಲಿನ ಕಮರಿಯದು. ಅಲ್ಲಿ ನವಾಹೊ (ಅಲ್ಲಿನ ಮೂಲನಿವಾಸಿ ಜನ) ಗೈಡ್ ಇಲ್ಲದೆ ಒಳಗೆ ಬಿಡೋದಿಲ್ಲ. ಟೂರ್‌ನವರು ಲೋಯರ್ ಆಂಟೆಲೋಪ್ ಹಾಕಿದ್ದಾರೆ, ಅಲ್ಲಿ ಕಡಿದಾದ ಕಬ್ಬಿಣದ ಏಣಿಗಳು. ಅಮ್ಮ ಸ್ಟೇಷನ್ ಬ್ರಿಡ್ಜ್ ಹತ್ತುವಾಗಲೇ ಕಂಬಿ ಹಿಡಿದು, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಜೋಡಿಸಿ ನಿಲ್ಲುತ್ತಾರೆ. ಅಪ್ಪರ್ ಆಂಟೆಲೋಪ್‌ನ ಒಳದಾರಿ ಬಹುತೇಕ ಸಮತಟ್ಟು. ನಮ್ಮ ಮೂವರಿಗಷ್ಟೇ ಅದನ್ನು ಬದಲಾಯಿಸಿ ಕೊಡ್ತಾರಾ? ಇಲ್ಲದಿದ್ದರೆ ಅಮ್ಮ ಆ ಹೊತ್ತು ಎಲ್ಲಿ ಕೂರಬೇಕು?

ಇನ್ನೊಂದು, ಅಪ್ಪನಿಗೆ ಬಿಪಿ ಇದೆ. ನಮ್ಮ ಕಡೆಯ ಗಿರಿಧಾಮ ಮಾಥೇರಾನ್‌ನ ಎತ್ತರವೇ ಸುಮಾರು 800 ಮೀಟರ್. ಆದರೆ ಬ್ರೈಸ್ ಕಮರಿಯ ಮೇಲಂಚು 2,400 ಮೀಟರ್‌ಗೂ ಮೇಲೆ. ಡಾಕ್ಟರನ್ನು ಕೇಳ್ತೀವಿ, ಆದರೂ ವಯಸ್ಸಾದವರನ್ನು ಕರೆದುಕೊಂಡು ಹೋದವರ ಅನುಭವ ಬೇಕು.

ಇಬ್ಬರೂ ಮೊಟ್ಟೆ ಕೂಡ ತಿನ್ನೋಲ್ಲ. ಅವಲಕ್ಕಿ, ಚಟ್ನಿಪುಡಿ ಒಯ್ಯುತ್ತೇವೆ. ದಾರಿಯ ಹೋಟೆಲ್ ರೂಮುಗಳಲ್ಲಿ ಬಿಸಿನೀರಿನ ಕೆಟಲ್ ಸಿಗುತ್ತಾ?

ಭಾನುವಾರದೊಳಗೆ ಅಡ್ವಾನ್ಸ್ ಕಟ್ಟಬೇಕು. ಹೋಗಿಬಂದವರು ದಯವಿಟ್ಟು ತಿಳಿಸಿ, ಫೋನಿನಲ್ಲಿ ಮಾತಾಡೋದಾದರೂ ಸರಿ.