ಪಾದದ ಮೂಳೆಯ ‘ಬಿರುಕು’ ಮತ್ತು ‘ಒತ್ತಡದ ಮುರಿತ’: ಪದಬಳಕೆಯ ಬಗ್ಗೆ ಪ್ರಶ್ನೆ

ಪಾದದ ಮೂಳೆ ಮುರಿದಾಗ ಅದನ್ನು ಗುರುತಿಸುವ ಬಗೆಯನ್ನೂ ಅದಕ್ಕೆ ಮಾಡಬೇಕಾದ ಚಿಕಿತ್ಸೆಯನ್ನೂ ಜನಸಾಮಾನ್ಯರಿಗೆ ತಿಳಿಸುವ ಕಿರುಹೊತ್ತಗೆಯೊಂದನ್ನು ಬರೆಯುತ್ತಿದ್ದೇನೆ. ಅದರಲ್ಲಿ ಮುಖ್ಯವಾಗಿ ಎರಡು ಪದಗಳ ಬಗ್ಗೆ ತಿಳಿದವರ ಅಭಿಪ್ರಾಯ ಬೇಕಾಗಿದೆ.

ಮೊದಲನೆಯದು ‘ಬಿರುಕು’. ಎಕ್ಸ್‌ರೇ ನೋಡಿದ ವೈದ್ಯರು ‘ಸಣ್ಣ ಬಿರುಕು ಬಿಟ್ಟಿದೆ’ ಎಂದರೆ ಕೇಳಿದವರು ‘ಸದ್ಯ, ಮುರಿದಿಲ್ಲವಲ್ಲ’ ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ. ಕೋಲು ಮುರಿದರೆ ಎರಡು ತುಂಡಾಗುತ್ತದೆ, ಗೋಡೆ ಬಿರುಕು ಬಿಟ್ಟರೂ ನಿಂತೇ ಇರುತ್ತದೆ. ಕನ್ನಡದ ಈ ರೂಢಿಯೇ ಮೂಳೆಯ ಮಾತಿನಲ್ಲಿ ದಾರಿ ತಪ್ಪಿಸುತ್ತದೆ, ಏಕೆಂದರೆ ವೈದ್ಯಶಾಸ್ತ್ರಕ್ಕೆ ಬಿರುಕೂ ಒಂದು ಮುರಿತವೇ. ಕಿರುಬೆರಳಿನ ಹಿಂದಿರುವ ಉದ್ದ ಮೂಳೆಯನ್ನೇ ನೋಡಿ. ಅದರ ಬುಡದ ಸಮೀಪದ ಒಂದು ಭಾಗಕ್ಕೆ ರಕ್ತಪೂರೈಕೆ ಕಡಿಮೆಯಾದ್ದರಿಂದ, ಅಲ್ಲಿ ಬಿಟ್ಟ ಕೂದಲೆಳೆಯ ಬಿರುಕು ಕೂಡಿಕೊಳ್ಳಲು ಬಹಳ ಕಾಲ ಹಿಡಿಯುತ್ತದೆ, ಕೆಲವೊಮ್ಮೆ ಕೂಡಿಕೊಳ್ಳದೆ ಸ್ಕ್ರೂ ಹಾಕಬೇಕಾಗುತ್ತದೆ. ಈ ಮುರಿತವನ್ನು ಇಂದು ಯಾರ ಹೆಸರಿನಿಂದ ಕರೆಯುತ್ತಾರೋ ಆ ಶಸ್ತ್ರವೈದ್ಯ ರಾಬರ್ಟ್ ಜೋನ್ಸ್ 1902ರಲ್ಲಿ ಅದನ್ನು ವಿವರಿಸಿದಾಗ, ನರ್ತಿಸುವಾಗ ತನ್ನದೇ ಪಾದಕ್ಕೆ ಆದ ಗಾಯವನ್ನೂ ಸೇರಿಸಿ ಬರೆದಿದ್ದ. ನೇರವಾದ ಪೆಟ್ಟೇ ಇಲ್ಲದೆ ಮೂಳೆ ಮುರಿಯಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋಚುವುದಿಲ್ಲ.

ಇಂತಹ ಗಾಯವನ್ನು ಜನ ಮೊದಲು ‘ಉಳುಕು’ ಎಂದೇ ಕರೆಯುತ್ತಾರೆ. ಉಳುಕೆಂದರೆ ತಿಕ್ಕಿ, ಎಳೆದು ಸರಿಪಡಿಸುವಂಥದ್ದು ಎಂಬ ಭಾವನೆ ಆ ಪದದ ಬೆನ್ನಿಗೇ ಬರುತ್ತದೆ. ಮುರಿದ ಮೂಳೆಗೆ ಹಾಗೆ ಮಾಡಿದರೆ ತುಂಡುಗಳು ಜಾಗ ಬಿಡಬಹುದು. ‘ನಡೆಯಲು ಬಂದರೆ ಮುರಿದಿಲ್ಲ’ ಎಂಬ ಮಾತೂ ಪೂರ್ತಿ ನಿಜವಲ್ಲ. ಪೆಟ್ಟಾದ ಪಾದಕ್ಕೆ ಎಕ್ಸ್‌ರೇ ಬೇಕೇ ಎಂದು ತೀರ್ಮಾನಿಸಲು ವೈದ್ಯರು ಬಳಸುವ, 1992ರಲ್ಲಿ ಪ್ರಕಟವಾದ ಒಟ್ಟಾವಾ ನಿಯಮಗಳ ಪ್ರಕಾರ, ಪಾದದ ನಡುಭಾಗದಲ್ಲಿ ನೋವಿದ್ದು ನಾಲ್ಕು ಹೆಜ್ಜೆ ಇಡಲಾಗದಿದ್ದರೆ ಎಕ್ಸ್‌ರೇ ಬೇಕು. ನಡೆಯಲು ಬಂದರೂ ಕಿರುಬೆರಳಿನ ಆ ಮೂಳೆಯ ಬುಡವನ್ನೋ ಪಾದದ ಒಳಬದಿಯ ದೋಣಿಯಾಕಾರದ ಮೂಳೆಯನ್ನೋ ಒತ್ತಿದಾಗ ನೋವಾದರೆ ಆಗಲೂ ಬೇಕು. ಅಂಗಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ ಕಲೆ ಕಂಡರಂತೂ ನಡುಪಾದದ ಕೀಲುಗಳೇ ಸಡಿಲವಾಗಿರಬಹುದೆಂದು ಶಂಕಿಸಬೇಕು. ಆದ್ದರಿಂದ ‘ಬಿರುಕು’ ಎಂದಷ್ಟೇ ಬರೆಯದೆ ‘ಬಿರುಕು ಮುರಿತ’ ಎಂದು ಬರೆಯಲು ಯೋಚಿಸಿದ್ದೇನೆ. ಕಿವಿಗೆ ಒರಟೆನಿಸಿದರೂ ಅರ್ಥ ಕೆಡುವುದಿಲ್ಲ ಎಂಬುದು ನನ್ನ ಎಣಿಕೆ.

ಎರಡನೆಯದು ಇನ್ನೂ ಕಷ್ಟದ್ದು. ಬಿದ್ದದ್ದೂ ಇಲ್ಲ, ತಿರುಚಿದ್ದೂ ಇಲ್ಲ. ಓಟ, ಕವಾಯತು, ನೃತ್ಯಾಭ್ಯಾಸಗಳನ್ನು ಏಕಾಏಕಿ ಹೆಚ್ಚಿಸಿದ್ದರಿಂದ ಪಾದದ ಮೂಳೆ, ಹೆಚ್ಚಾಗಿ ಎರಡನೆಯ ಅಥವಾ ಮೂರನೆಯ ಬೆರಳಿನ ಹಿಂದಿನದು, ಒಳಗಿಂದೊಳಗೆ ಬಿರಿಯುತ್ತದೆ. ಪ್ರಷ್ಯಾದ ಸೇನಾವೈದ್ಯ ಬ್ರೈಟ್‌ಹಾಪ್ಟ್ 1855ರಲ್ಲಿ, ಅಂದರೆ ಎಕ್ಸ್‌ರೇ ಕಂಡುಹಿಡಿಯುವುದಕ್ಕೆ 40 ವರ್ಷ ಮೊದಲೇ, ಸೈನಿಕರ ಪಾದಗಳಲ್ಲಿ ಇದರ ನೋವು ಮತ್ತು ಊತವನ್ನು ವರ್ಣಿಸಿದ್ದ. ಇದಕ್ಕೆ ‘ಒತ್ತಡದ ಮುರಿತ’ ಎಂದು ಬರೆಯುವವರಿದ್ದಾರೆ. ಆದರೆ ಇಂದಿನ ಓದುಗರಿಗೆ ‘ಒತ್ತಡ’ ಎಂದೊಡನೆ ನೆನಪಾಗುವುದು ಮನಸ್ಸು. ಇಲ್ಲವೇ ಭಾರವಾದ ವಸ್ತು ಪಾದದ ಮೇಲೆ ಬಿದ್ದ ಚಿತ್ರ. ಎರಡೂ ಇಲ್ಲಿ ಸಲ್ಲವು. ‘ಸವೆತ’ ಎಂದರೆ ಕೀಲಿನ ಕಾಯಿಲೆಯ ಕಡೆಗೆ ಗಮನ ಹೋಗುತ್ತದೆ. ‘ದಣಿವಿನ ಮುರಿತ’ ನನಗೆ ಹಿಡಿಸಿದೆ, ಆದರೆ ದಣಿದದ್ದು ಮನುಷ್ಯನಲ್ಲ, ಮೂಳೆ ಎಂಬುದನ್ನು ಅದು ಹೇಳುವುದೇ? ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಏನೂ ಕಾಣದೆ ಇರಬಹುದಾದ ಗಾಯವಿದು. ಓದುಗರು ಹೆಸರಿನಿಂದಲೇ ಎಚ್ಚೆತ್ತು ಓಟ ನಿಲ್ಲಿಸಿ, ಆರರಿಂದ ಎಂಟು ವಾರ ಪಾದಕ್ಕೆ ಬಿಡುವು ಕೊಡುವಂತಾಗಬೇಕು.

ಚಿಕಿತ್ಸೆಯ ಪದಗಳಲ್ಲಿ ಹೆಚ್ಚು ತೊಡಕಿಲ್ಲ. ಪ್ಲಾಸ್ಟರ್, ಪಟ್ಟಿ, ದಬ್ಬೆ, ಊರುಗೋಲು ಎಲ್ಲರಿಗೂ ತಿಳಿದಿವೆ. ಮುರಿದ ಕಿರುಬೆರಳನ್ನು, ನಡುವೆ ಹತ್ತಿ ಅಥವಾ ಬಟ್ಟೆ ಇಟ್ಟು, ಪಕ್ಕದ ಬೆರಳಿಗೆ ಸೇರಿಸಿ ಕಟ್ಟುವ ಕ್ರಮಕ್ಕೆ ಮಾತ್ರ ‘ಜೋಡಿಕಟ್ಟು’ ಎಂದು ಬರೆದಿದ್ದೇನೆ. ಊದಿದ ಭಾಗವನ್ನು ಸೂಚಿಸಲು ‘ಹರಡು’ ಎಂಬ ಹಳೆಯ ಪದ ಚೆನ್ನಾಗಿತ್ತು, ಆದರೆ ‘ಊತ ಹರಡಿನವರೆಗೆ ಹರಡುತ್ತದೆ’ ಎಂಬ ವಾಕ್ಯವನ್ನು ಯಾರ ಮುಂದೆಯೂ ಓದಲಾಗದೆ ‘ಕಾಲಿನ ಗಿಣ್ಣು’ ಎಂದು ಬದಲಿಸಿದೆ.

‘ಬಿರುಕು ಮುರಿತ’ ಒಪ್ಪಬಹುದೇ, ‘ದಣಿವಿನ ಮುರಿತ’ಕ್ಕಿಂತ ಮೇಲಾದ, ಈಗಾಗಲೇ ಬಳಕೆಯಲ್ಲಿರುವ ಪದವಿದೆಯೇ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.