ಬಿಸಾಡುವ ಮೊದಲು ಒಂದು ಸ್ಕೇಲ್ ಹಿಡಿದು ಕೂತುಕೊಳ್ಳಿ

ಅಕ್ಕಾ, ನಿಮ್ಮ ಮೆಸೇಜ್ ಈಗಷ್ಟೇ ಕೇಳಿದೆ. ಹದಿನೈದು ವರ್ಷದ ಲೇಸರ್ ಪ್ರಿಂಟರ್, ಕಾಗದ ಎಳೆಯಲು ಒದ್ದಾಡುತ್ತದೆ, ಎಳೆದರೂ ಪುಟದ ಮೇಲೆ ಒಂದೇ ಕಪ್ಪು ಚುಕ್ಕೆ ಮತ್ತೆ ಮತ್ತೆ ಬೀಳುತ್ತದೆ, ನೋಡಿದವರು ಬಿಸಾಡಿ ಅಂದರು ಅಂತ ಹೇಳಿದಿರಿ. ದಯವಿಟ್ಟು ಬಿಸಾಡಬೇಡಿ. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಕೇಳಿ.

ಇವು ಎರಡೂ ಬೇರೆ ಬೇರೆ ತೊಂದರೆ. ಕಾಗದ ಎಳೆಯದಿದ್ದರೆ ಹೆಚ್ಚಾಗಿ ರಬ್ಬರಿನದೇ ತಪ್ಪು. ಟ್ರೇ ಹತ್ತಿರ ಇರುವ ಪಿಕಪ್ ರೋಲರ್ ವರ್ಷ ಕಳೆದಂತೆ ಗಟ್ಟಿಯಾಗಿ, ಕಾಗದದ ಧೂಳು ಮೆತ್ತಿ, ನುಣ್ಣಗಾಗಿ ಜಾರುತ್ತದೆ. ಪ್ಲಗ್ ತೆಗೆದು, ರೋಲರ್ ಬಿಚ್ಚಿ, ಒದ್ದೆ ಬಟ್ಟೆ ಹಿಂಡಿ ಒರೆಸಿ, ಒಣಗಿದ ಮೇಲೆ ಹಾಕಿ. ನಾಲ್ಕು ದಿನ ಸರಿ ಇದ್ದು ಮತ್ತೆ ಜಾರಿದರೆ ಹೊಸದು ಬೇಕು ಅಂತ ಅರ್ಥ. ಎದುರಿಗಿರುವ ಸೆಪರೇಷನ್ ಪ್ಯಾಡನ್ನೂ ಆಗಲೇ ಬದಲಿಸಿಬಿಡಿ. ಎರಡು ಮೂರು ಹಾಳೆ ಒಟ್ಟಿಗೆ ಹೋಗುವುದು ಅದು ಸವೆದಾಗ.

ಇನ್ನು ಚುಕ್ಕೆ. ಇಲ್ಲಿ ಸುಮ್ನೆ ಯಾವ ಪಾರ್ಟೂ ತರಿಸಬೇಡಿ. ಮೊದಲು ಒಂದು ಚುಕ್ಕೆಯಿಂದ ಮುಂದಿನ ಚುಕ್ಕೆಗೆ ಎಷ್ಟು ದೂರ ಅಂತ ಅಳೆಯಿರಿ. ಒಳಗಿನ ಯಾವುದೋ ರೋಲರಿನ ಮೇಲೆ ಗಾಯ ಇದೆ, ಅದು ಒಂದು ಸುತ್ತು ತಿರುಗಿದಾಗಲೆಲ್ಲ ಅದೇ ಗಾಯ ಕಾಗದಕ್ಕೆ ತಾಗುತ್ತದೆ. ಅಂದರೆ ನಿಮ್ಮ ಸ್ಕೇಲಿನಲ್ಲಿ ಬರುವುದು ಆ ರೋಲರಿನ ಸುತ್ತಳತೆ. ಡ್ರಮ್ ಅಂದರೆ ಲೇಸರ್ ಬೆಳಕಿನಿಂದ ಪುಟದ ಅಚ್ಚು ಮೊದಲು ಮೂಡುವ ಉರುಳೆ. ಎಷ್ಟೋ ಚಿಕ್ಕ ಪ್ರಿಂಟರುಗಳಲ್ಲಿ ಅದರ ವ್ಯಾಸ 24 ಮಿಲಿಮೀಟರ್, ಸುತ್ತಳತೆ ಸುಮಾರು 75. ಅಷ್ಟು ಬಂದರೆ ಡ್ರಮ್ ಮೇಲೆ ಅನುಮಾನ ಪಡಬಹುದು. ನಿಮ್ಮ ಮಾಡೆಲ್ಲಿನ ಸರಿಯಾದ ಅಳತೆ ಅದರ ಸರ್ವಿಸ್ ಮ್ಯಾನ್ಯುಯಲ್ಲಿನಲ್ಲಿ ಸಿಗುತ್ತದೆ.

ಖಾತ್ರಿ ಮಾಡಿಕೊಳ್ಳಲು ಇನ್ನೊಂದು ದಾರಿ ಇದೆ, ನನಗೆ ತುಂಬಾ ಇಷ್ಟವಾದದ್ದು. ಪ್ರಿಂಟ್ ಕೊಟ್ಟು, ಹಾಳೆ ಅರ್ಧ ಒಳಗೆ ಹೋದಾಗ ಮುಚ್ಚಳ ತೆರೆಯಿರಿ. ಪ್ರಿಂಟರ್ ನಿಲ್ಲುತ್ತದೆ. ಕಾರ್ಟ್ರಿಜ್, ಅಂದರೆ ಟೋನರ್ ಪುಡಿ ತುಂಬಿದ ಡಬ್ಬಿ, ತೆಗೆದು ಹಾಳೆಯನ್ನು ನಿಧಾನವಾಗಿ ಹೊರಗೆ ಎಳೆಯಿರಿ. ಪುಡಿಯನ್ನು ಬಿಸಿಯಿಂದ ಕಾಗದಕ್ಕೆ ಅಂಟಿಸುವ ಭಾಗಕ್ಕೆ ಫ್ಯೂಸರ್ ಅಂತಾರೆ. ಹಾಳೆಯಲ್ಲಿ ಇನ್ನೂ ಅದನ್ನು ತಲುಪದ ಭಾಗದಲ್ಲಿ ಅಕ್ಷರ ಇನ್ನೂ ಬರೀ ಪುಡಿ, ಬೆರಳಿಟ್ಟರೆ ಅಳಿಸಿಹೋಗುತ್ತದೆ. ಆ ಪುಡಿಯಲ್ಲೇ ಚುಕ್ಕೆ ಕಂಡರೆ ಹೆಚ್ಚಾಗಿ ತಪ್ಪು ಡ್ರಮ್ ಅಥವಾ ಕಾರ್ಟ್ರಿಜ್‌ನದು. ಅಲ್ಲಿ ಇಲ್ಲದೆ, ಫ್ಯೂಸರ್ ದಾಟಿದ ಮೇಲೆ ಬಂದರೆ ಫ್ಯೂಸರ್‌ನದು. ತುಂಬಾ ಮಾಡೆಲ್‌ಗಳಲ್ಲಿ ಡ್ರಮ್ ಕಾರ್ಟ್ರಿಜ್ ಒಳಗೇ ಇರುತ್ತದೆ, ಹಾಗಾಗಿ ಕಾರ್ಟ್ರಿಜ್ ಬದಲಿಸಿದರೆ ಕೆಲಸ ಮುಗಿಯಿತು. ಹೊರಗೆ ತೆಗೆದಾಗ ಅದರ ಮೇಲೆ ಬಟ್ಟೆ ಮುಚ್ಚಿಡಿ, ಡ್ರಮ್ಮಿಗೆ ಬೆಳಕು ಆಗುವುದಿಲ್ಲ. ಕೈಗೆ ಪುಡಿ ಹತ್ತಿದರೆ ತಣ್ಣೀರಲ್ಲೇ ತೊಳೆಯಿರಿ. ಟೋನರ್ ಅಂದರೆ ಬಹುಪಾಲು ಪ್ಲಾಸ್ಟಿಕ್ ಪುಡಿ ಅಲ್ವಾ, ಬಿಸಿನೀರಲ್ಲಿ ಅಂಟಿಕೊಂಡುಬಿಡುತ್ತದೆ.

ಫ್ಯೂಸರ್ ಅಂತ ಗೊತ್ತಾದರೆ ಒಳಗೆ ಕೈ ಹಾಕಬೇಡಿ. ಅದು ಸುಮಾರು 200 ಡಿಗ್ರಿವರೆಗೆ ಕಾಯುತ್ತದೆ. ಪ್ಲಗ್ ತೆಗೆದು ಚೆನ್ನಾಗಿ ಆರಲು ಬಿಡಿ. ಒಳಗಿನ ಫಿಲ್ಮ್ ಮಾತ್ರ ಬದಲಿಸಬಹುದು, ಆದರೆ ಅದಕ್ಕೆ ಬಿಸಿ ತಡೆಯುವ ಬೇರೆ ಗ್ರೀಸ್ ಬೇಕು, ಮೊದಲ ಸಲಕ್ಕೆ ಪೂರ್ತಿ ಯೂನಿಟ್ ಹಾಕುವುದೇ ಒಳ್ಳೆಯದು. ಒಂದು ಎಚ್ಚರ: 110 ವೋಲ್ಟ್‌ಗೆ ಒಂದು ಫ್ಯೂಸರ್, 220ಕ್ಕೆ ಇನ್ನೊಂದು. ನೋಡಲು ಒಂದೇ ಥರ ಇರುತ್ತವೆ. ಹಳೆಯದರ ಮೇಲಿರುವ ಪಾರ್ಟ್ ನಂಬರ್ ನೋಡಿಕೊಂಡೇ ತರಿಸಿ.

ಪಾರ್ಟ್ ಸಿಗಲ್ಲ ಅಂತ ಯಾರಾದರೂ ಹೇಳಿದರೂ ಈ ನಂಬರ್ ಹಿಡಿದೇ ಹುಡುಕಿ, ಪ್ರಿಂಟರಿನ ಹೆಸರಿನಿಂದಲ್ಲ. ಒಂದೇ ಎಂಜಿನ್, ಅಂದರೆ ಒಳಗಿನ ಮುದ್ರಿಸುವ ಯಂತ್ರಭಾಗ, ಬೇರೆ ಬೇರೆ ಕಂಪನಿಯ ಡಬ್ಬಿಯಲ್ಲಿ ಇರುತ್ತದೆ. 1984ರಲ್ಲಿ ಬಂದ ಎಚ್‌ಪಿಯ ಮೊದಲ ಲೇಸರ್‌ಜೆಟ್ ಒಳಗೂ ಇದ್ದದ್ದು ಕ್ಯಾನನ್ ಎಂಜಿನ್.

ಈಗ ಒಂದು ಕೆಲಸ ಮಾಡಿ. ಚುಕ್ಕೆ ಬಿದ್ದ ಹಾಳೆಯ ಪಕ್ಕ ಸ್ಕೇಲ್ ಇಟ್ಟು ಫೋಟೋ ತೆಗೆದು ಇಲ್ಲೇ ಹಾಕಿ, ಮಾಡೆಲ್ ನಂಬರ್ ಕೂಡ ಬರೆಯಿರಿ. ಅಳತೆ ನೋಡಿ ಯಾವ ರೋಲರ್ ಅಂತ ಹೇಳುತ್ತೇನೆ.